ಇಪ್ಪತ್ತಾರು ಶನಿವಾರಗಳು

ಕಂಪನಿಯ ಕೆಲಸದ ಮೇಲೆ ಪರದೇಶಕ್ಕೆ ಹೋಗಿಬರುವುದು ಈಗ ನಮ್ಮ ಮನೆಗಳಲ್ಲಿ ದೊಡ್ಡ ಸುದ್ದಿಯೇನಲ್ಲ. ಒಬ್ಬರು ಹೊರಟರೆ ಸಂಘದವರೆಲ್ಲ ಹಾರ ತುರಾಯಿ ಹಿಡಿದು ಪುಣೆಯಿಂದ ಮುಂಬಯಿಯ ಸಹಾರ್ ವಿಮಾನ ನಿಲ್ದಾಣದವರೆಗೂ ಹೋಗಿ ಬೀಳ್ಕೊಡುತ್ತಿದ್ದ ಕಾಲವೊಂದಿತ್ತಂತೆ. ಈಗ ನಾವೇ ಟ್ಯಾಕ್ಸಿ ಕರೆಸಿಕೊಂಡು ಹೊರಡುತ್ತೇವೆ. ಅವ್ವ ಬಾಗಿಲಲ್ಲಿ ನಿಂತು ಅಂಗೈಗೆ ಒಂದು ಚಮಚ ಮೊಸರು ಸಕ್ಕರೆ ಹಾಕುತ್ತಾಳೆ, ಅಷ್ಟೇ.

ಆದ್ದರಿಂದ ನಾನು ಜರ್ಮನಿಗೆ ಹೋಗಿ ಬಂದೆ ಎಂದು ಹೇಳಿಕೊಳ್ಳಲು ಈ ಲೇಖನ ಬರೆಯುತ್ತಿಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಇವತ್ತಲ್ಲ ನಾಳೆ ಹೀಗೆಯೇ ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ ಎಂದು ಹೊರಡುವವರು. ಹೋದಾಗ ನಾನು ಮಾಡಿದ ಒಂದು ತಪ್ಪನ್ನು ನೀವು ಮಾಡಬಾರದು, ನಾನು ಹೇಳಿದ ಒಂದು ಸುಳ್ಳನ್ನು ನೀವು ಹೇಳುವ ಪ್ರಸಂಗ ಬರಬಾರದು ಎಂಬುದಷ್ಟೇ ನನ್ನ ಆಸೆ. ನಿಮ್ಮಲ್ಲಿ ಯಾರಿಗಾದರೂ ಈ ಪುಟವನ್ನು ಅಪ್ಪನೋ ಅಮ್ಮನೋ ಓದಿ ಹೇಳುತ್ತಿದ್ದರೆ ಅದಕ್ಕೆ ನಾಚಿಕೊಳ್ಳಬೇಡಿ. ಎರಡೂವರೆ ವರ್ಷದ ಹಿಂದೆ ನನ್ನ ಪರಿಸ್ಥಿತಿಯೂ ಅದೇ ಆಗಿತ್ತು.

ಬೆಟ್ಟಗಳ ಬಟ್ಟಲಿನ ಊರು

2023ರ ಸೆಪ್ಟೆಂಬರಿನಿಂದ 2024ರ ಫೆಬ್ರವರಿ ಕೊನೆಯವರೆಗೆ ನನ್ನನ್ನು ದಕ್ಷಿಣ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕಳುಹಿಸಿದರು. ನಮ್ಮ ಪುಣೆಯ ಹಾಗೆ ಅದೂ ಮೋಟಾರು ಕಾರ್ಖಾನೆಗಳ ಊರು. ಗಾಟ್‌ಲೀಬ್ ಡೈಮ್ಲರ್ ತನ್ನ ಪೆಟ್ರೋಲ್ ಎಂಜಿನ್ನಿಗೆ ರೂಪ ಕೊಟ್ಟದ್ದು ಈ ಊರಿನ ಕಾನ್‌ಸ್ಟಾಟ್ ಭಾಗದಲ್ಲಿ, ತೋಟದಲ್ಲಿದ್ದ ಒಂದು ಚಿಕ್ಕ ಕೋಣೆಯಲ್ಲಿ. ಊರಿನ ಜನಸಂಖ್ಯೆ ಆರು ಲಕ್ಷದಷ್ಟು. ಅದು ಬೆಟ್ಟಗಳು ಸುತ್ತುವರಿದ ಬಟ್ಟಲಿನಲ್ಲಿ ಕುಳಿತಂತಿದೆ. ಬೆಟ್ಟದ ಇಳಿಜಾರಿನಲ್ಲಿ, ಊರ ನಡುವೆಯೇ, ದ್ರಾಕ್ಷಿ ತೋಟಗಳು. ಆ ಇಳಿಜಾರುಗಳನ್ನು ಹತ್ತಿಳಿಯಲು ಹಳೆಯ ಕಾಲದ ಮೆಟ್ಟಿಲ ಸಾಲುಗಳಿವೆ, ಒಟ್ಟು ನಾನೂರಕ್ಕೂ ಹೆಚ್ಚು. ಇನ್ನೊಂದು ಸಂಗತಿ ನನಗೆ ಅಲ್ಲಿಗೆ ಹೋದ ಮೇಲೆ ತಿಳಿಯಿತು: 1968ರಿಂದಲೂ ಸ್ಟುಟ್‌ಗಾರ್ಟ್ ಮತ್ತು ನಮ್ಮ ಮುಂಬಯಿ ಸೋದರಿ ನಗರಗಳು.

ಕೆಲಸ ಸೋಮವಾರದಿಂದ ಶುಕ್ರವಾರದವರೆಗೆ. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ರೈಲು ನಿಲ್ದಾಣದ ಕೆಲವು ಅಂಗಡಿಗಳು ಮತ್ತು ಬೆಳಗಿನ ಹೊತ್ತು ಬ್ರೆಡ್ ಮಾರುವವರನ್ನು ಬಿಟ್ಟರೆ ಏನೂ ಸಿಗುವುದಿಲ್ಲ. ಇದು ತಿಳಿಯದೆ ಮೊದಲನೆಯ ಭಾನುವಾರ ನಾನು ಅವ್ವ ಕಟ್ಟಿಕೊಟ್ಟಿದ್ದ ಅವಲಕ್ಕಿಯಲ್ಲೇ ಮೂರು ಹೊತ್ತು ಕಳೆದೆ. ಆಗ ಕ್ಯಾಲೆಂಡರ್ ತೆಗೆದು ಎಣಿಸಿದೆ: ನನ್ನ ಪಾಲಿಗೆ ಬಂದದ್ದು ಇಪ್ಪತ್ತಾರು ಶನಿವಾರಗಳು, ಇಪ್ಪತ್ತಾರು ಭಾನುವಾರಗಳು. ಕೈಯಲ್ಲಿ ಇಷ್ಟೇ ಬಂಡವಾಳ. ಇದನ್ನು ಹೇಗೆ ಖರ್ಚು ಮಾಡುವುದು?

ಮೊದಲನೆಯ ತಪ್ಪು

ನಮ್ಮ ಹುಡುಗರಲ್ಲಿ ಇದಕ್ಕೆ ಎರಡು ಪಂಥಗಳಿವೆ. ಒಂದು ಉಳಿತಾಯ ಪಂಥ. ಇವರು ಕಂಪನಿ ಕೊಡುವ ದಿನಭತ್ಯೆಯನ್ನು ಮನಸ್ಸಿನಲ್ಲೇ ರೂಪಾಯಿಗೆ ಬದಲಾಯಿಸುತ್ತ, ಕೋಣೆಯಲ್ಲಿ ಕುಕ್ಕರ್ ಕೂಗಿಸಿ, ಊರಿನವರ ಜೊತೆ ಫೋನಿನಲ್ಲಿ ಮಾತನಾಡುತ್ತ ಆರು ತಿಂಗಳು ಮುಗಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಮನೆಯ ಸಾಲ, ತಂಗಿಯ ಓದು ಎಲ್ಲರಿಗೂ ಇರುತ್ತವೆ. ಇನ್ನೊಂದು ಓಟದ ಪಂಥ. ಇವರು ನಾಲ್ಕು ದಿನ ರಜೆ ಸಿಕ್ಕರೆ ಐದು ದೇಶ ನೋಡಿ ಬರುವವರು.

ನಾನು ಮೊದಲು ಎರಡನೆಯ ಪಂಥಕ್ಕೆ ಸೇರಿದೆ. ಅಕ್ಟೋಬರ್ 3 ಜರ್ಮನಿಯ ಏಕೀಕರಣ ದಿನ, ರಾಷ್ಟ್ರೀಯ ರಜೆ. ಆ ವರ್ಷ ಅದು ಮಂಗಳವಾರ ಬಿತ್ತು. ಸೋಮವಾರ ಒಂದು ದಿನ ರಜೆ ಹಾಕಿದರೆ ಒಟ್ಟಿಗೆ ನಾಲ್ಕು ದಿನ. ಗೆಳೆಯರೆಲ್ಲ ಸೇರಿ ಬಸ್ಸು ಹಿಡಿದು ಫ್ರಾನ್ಸ್, ಲಕ್ಸೆಂಬರ್ಗ್, ಬೆಲ್ಜಿಯಂ, ಹಾಲೆಂಡ್ ಎಲ್ಲ ಸುತ್ತಿ ಬಂದೆವು. ಫೋಟೋ ಮುನ್ನೂರು ಇವೆ. ನೆನಪಿನಲ್ಲಿ ಉಳಿದದ್ದು ಮಾತ್ರ ನನ್ನ ಮುಂದಿನ ಸೀಟಿನ ಬೆನ್ನು ಮತ್ತು ಹೆದ್ದಾರಿಯ ಶೌಚಾಲಯದ ಬಾಗಿಲಲ್ಲಿ ಹಾಕಬೇಕಾದ ಒಂದು ಯೂರೋ ನಾಣ್ಯ. ಐಫೆಲ್ ಗೋಪುರದ ಕೆಳಗೆ ಇಪ್ಪತ್ತು ನಿಮಿಷ ನಿಂತಿದ್ದೆವು. ಅದರಲ್ಲಿ ಹದಿನೈದು ನಿಮಿಷ, ಕಳೆದುಹೋದ ಒಬ್ಬ ಗೆಳೆಯನನ್ನು ಹುಡುಕುವುದರಲ್ಲಿ ಹೋಯಿತು.

ಪ್ರವಾಸಿಗರು ಹೀಗೆ ಓಡಬೇಕಾಗುತ್ತದೆ, ಪಾಪ, ಅವರಿಗೆ ಬೇರೆ ದಾರಿಯಿಲ್ಲ. ಆದರೆ ಅಲ್ಲಿ ಆರು ತಿಂಗಳು ಮನೆ ಮಾಡಿಕೊಂಡಿರುವ ನಮಗೆ ಈ ಅವಸರ ಏಕೆ? ಪ್ರವಾಸಿಗನಿಗೆ ಸಿಗದ ಒಂದು ಅನುಕೂಲ ನಮಗಿದೆ: ನಾವು ಒಂದೇ ಊರಿಗೆ ಎರಡನೆಯ ಸಲ ಹೋಗಬಹುದು, ಮಳೆ ಬಂದರೆ ಹಿಂದಿರುಗಿ ಮುಂದಿನ ವಾರ ಮತ್ತೆ ಹೊರಡಬಹುದು, ನೆರೆಮನೆಯವರ ಹತ್ತಿರ ಕೇಳಬಹುದು. ಈ ಬುದ್ಧಿ ನನಗೆ ಬಂದದ್ದು ಒಂದು ಪೊರಕೆಯ ದೆಸೆಯಿಂದ.

ಪೊರಕೆಯ ಸರದಿ

ನಾನಿದ್ದದ್ದು ಮೂರು ಮಹಡಿಯ ಹಳೆಯ ಕಟ್ಟಡದ ಮೇಲಿನ ಚಿಕ್ಕ ಮನೆ. ಮಾಲಕಿ ನೆಲಮಹಡಿಯಲ್ಲಿದ್ದರು. ಎಪ್ಪತ್ತು ದಾಟಿದ ಹೆಂಗಸು. ಹಿಂದೆ ಆ ಊರಿನ ಅಮೆರಿಕನ್ ಸೇನೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದರಿಂದ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಅವರ ಹೆಸರು ಇಲ್ಲಿ ಬೇಡ. ಅಜ್ಜಿ ಎಂದೇ ಬರೆಯುತ್ತೇನೆ.

ಐದು ದೇಶ ಸುತ್ತಿ ಬಂದ ರಾತ್ರಿ ನನ್ನ ಬಾಗಿಲ ಹಿಡಿಕೆಗೆ ಒಂದು ಸಣ್ಣ ಮರದ ಹಲಗೆ ನೇತುಬಿದ್ದಿತ್ತು. ಏನೋ ಜಾಹೀರಾತು ಇರಬೇಕೆಂದು ತೆಗೆದು ಬದಿಗಿಟ್ಟೆ. ಶನಿವಾರ ಸಂಜೆ ಅಜ್ಜಿ ಬಾಗಿಲು ತಟ್ಟಿದರು, ಕೈಯಲ್ಲಿ ಪೊರಕೆ. ಆ ಸೀಮೆಯಲ್ಲಿ ‘ಕೇರ್‌ವೋಖೆ’ ಎಂಬ ಪದ್ಧತಿಯಿದೆ. ಅಂದರೆ ಗುಡಿಸುವ ವಾರ. ಕಟ್ಟಡದ ಬಾಡಿಗೆದಾರರು ಸರದಿಯ ಮೇಲೆ ಒಂದೊಂದು ವಾರ ಮೆಟ್ಟಿಲು, ಅಂಗಳ, ಮನೆಯ ಮುಂದಿನ ಕಾಲುದಾರಿ ಗುಡಿಸಿ ಒರೆಸಬೇಕು. ಹಿಮ ಬಿದ್ದರೆ ಅದನ್ನೂ ಬೆಳಿಗ್ಗೆ ಎದ್ದು ಸರಿಸಬೇಕು. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಅವರ ಸರದಿ. ಡಾಕ್ಟರನಾಗಲಿ ಎಂಜಿನಿಯರನಾಗಲಿ ವಿನಾಯಿತಿ ಇಲ್ಲ.

ಪುಣೆಯ ನಮ್ಮ ಸೊಸೈಟಿಯಲ್ಲಿ ಇಪ್ಪತ್ತು ವರ್ಷ ಬೆಳೆದರೂ ಒಂದು ಸಲವಾದರೂ ಮೆಟ್ಟಿಲು ಗುಡಿಸಿದವನಲ್ಲ ನಾನು. ಅವತ್ತು ಮೂರು ಮಹಡಿ ಗುಡಿಸಿದೆ. ಅಜ್ಜಿ ಕೆಳಗೆ ನಿಂತು ಮೂಲೆಗಳನ್ನು ಬೆರಳು ಮಾಡಿ ತೋರಿಸಿದರು. ಮುಗಿದ ಮೇಲೆ ಒಳಗೆ ಕರೆದು ಕಾಫಿ ಕೊಟ್ಟು, ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಐದು ದೇಶಗಳ ಹೆಸರು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಸ್ಲಿಂಗನ್ ನೋಡಿದೆಯಾ? ಇಲ್ಲಿಂದ ಲೋಕಲ್ ರೈಲಿನಲ್ಲಿ ಹೋಗಬಹುದು,” ಎಂದರು. ನೋಡಿರಲಿಲ್ಲ. “ಉಲ್ಮ್? ಟ್ಯೂಬಿಂಗನ್?” ಅದೂ ಇಲ್ಲ. ಒಂದು ಹಳೆಯ ಲಕೋಟೆಯ ಹಿಂಭಾಗದಲ್ಲಿ ಹನ್ನೆರಡು ಊರುಗಳ ಹೆಸರು ಬರೆದುಕೊಟ್ಟರು. ಎಲ್ಲವೂ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬಂದು ಮಲಗಬಹುದಾದ ಊರುಗಳು.

ಆ ಹೊತ್ತಿಗೆ ಅವ್ವನ ಫೋನು ಬಂತು. ಎರಡು ಮಾತು ಆಡಿ ಇಟ್ಟೆ. ಅದು ಯಾವ ಭಾಷೆ, ಹಿಂದಿಯೇ ಎಂದು ಅಜ್ಜಿ ಕೇಳಿದರು. ಅಲ್ಲ, ಕನ್ನಡ, ನಮ್ಮ ಮನೆಮಾತು ಎಂದೆ. ಅದಕ್ಕೆ ಬೇರೆ ಲಿಪಿ ಇದೆಯೇ ಎಂದು ಕೇಳಿದರು. ಇದೆ ಎಂದೆ, ಹೆಮ್ಮೆಯಿಂದಲೇ. “ಹಾಗಾದರೆ ನನ್ನ ಹೆಸರು ಬರೆ ನೋಡೋಣ,” ಎಂದು ಕಾಗದ ಮುಂದಿಟ್ಟರು.

ನನಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಶಾಲೆಯಲ್ಲಿ ಕಲಿತದ್ದು ಇಂಗ್ಲಿಷ್, ಮರಾಠಿ, ಹಿಂದಿ. ಮನೆಯಲ್ಲಿ ಧಾರವಾಡದ ಕನ್ನಡ ಮಾತಾಡುತ್ತೇನೆ, ಓದು ಬರಹ ಇಲ್ಲ. ಇದನ್ನು ಹೇಳಲು ಅರ್ಧ ನಿಮಿಷ ಸಾಕಾಗಿತ್ತು. ಆದರೆ ಹೇಳಲಿಲ್ಲ. ಅವರ ಹೆಸರನ್ನು ದೇವನಾಗರಿಯಲ್ಲಿ ಬರೆದು, ಇದೇ ಕನ್ನಡ ಎಂದುಬಿಟ್ಟೆ. ಅಜ್ಜಿ ಕಣ್ಣಿಗೆ ಕನ್ನಡಕ ಏರಿಸಿ ಅದನ್ನು ನೋಡಿದರು, ಬಹಳ ಸುಂದರವಾಗಿದೆ ಎಂದರು, ಮತ್ತು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಯಾರಿಗೂ ನಷ್ಟವಿಲ್ಲದ ಸುಳ್ಳು ಎಂದು ಅವತ್ತು ಅನಿಸಿತು. ಆದರೆ ಮುಂದೆ ಆ ಅಡಿಗೆಮನೆಗೆ ಹೋದಾಗಲೆಲ್ಲ ಆ ಕಾಗದ ನನ್ನನ್ನೇ ನೋಡುತ್ತಿತ್ತು.

ಲಕೋಟೆಯ ಊರುಗಳು

ಅಜ್ಜಿಯ ಲಕೋಟೆ ಹಿಡಿದು ತಿರುಗಾಟ ಶುರುವಾಯಿತು. 2023ರ ಮೇ ತಿಂಗಳಿನಿಂದ ಜರ್ಮನಿಯಲ್ಲಿ ಒಂದು ಮಾಸಿಕ ಟಿಕೇಟು ಬಂದಿದೆ. ಅದಿದ್ದರೆ ಇಡೀ ದೇಶದ ಪ್ರಾದೇಶಿಕ ರೈಲು, ಲೋಕಲ್, ಟ್ರಾಮ್, ಸಿಟಿ ಬಸ್ಸು ಎಲ್ಲದರಲ್ಲೂ ಓಡಾಡಬಹುದು. ದೂರದ ವೇಗದ ರೈಲುಗಳಿಗೆ ಮಾತ್ರ ಇದು ನಡೆಯುವುದಿಲ್ಲ. ನಾನಿದ್ದಾಗ ಬೆಲೆ 49 ಯೂರೋ; 2025ರ ಜನವರಿಯಿಂದ 58 ಯೂರೋ ಮಾಡಿದರು, ಆಮೇಲೆ ಇನ್ನೂ ಏರಿದೆ. ಒಂದು ಎಚ್ಚರಿಕೆ: ಇದು ಚಂದಾ ಪದ್ಧತಿ. ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ. ಊರಿಗೆ ಮರಳಿದ ಮೇಲೂ ಒಂದು ತಿಂಗಳ ಹಣ ಕಟ್ಟಿದವನ ಅನುಭವದ ಮಾತಿದು.

ಮೊದಲು ಕಾನ್‌ಸ್ಟಾಟ್‌ನ ಜಾತ್ರೆ. ಹೊರಗಿನವರಿಗೆ ಅದು ಬಿಯರಿನ ಜಾತ್ರೆ. ಆದರೆ ಅದರ ಹುಟ್ಟಿನ ಕತೆ ಬೇರೆ. 1815ರಲ್ಲಿ ಇಂಡೋನೇಷ್ಯದ ತಂಬೋರಾ ಅಗ್ನಿಪರ್ವತ ಸಿಡಿದು ಅದರ ಬೂದಿ ಆಕಾಶ ಮುಚ್ಚಿದಾಗ, 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೊಳೆತು ಬರಗಾಲ ಬಿತ್ತು. ಆ ಸಂಕಟ ದಾಟಿದ ಮೇಲೆ 1818ರಲ್ಲಿ ಅಲ್ಲಿನ ರಾಜ ಒಂದನೆಯ ವಿಲ್‌ಹೆಲ್ಮ್ ರೈತರ ಉತ್ಸಾಹ ಹೆಚ್ಚಿಸಲು ಈ ಕೃಷಿ ಹಬ್ಬ ಶುರು ಮಾಡಿದ. ಇಂದಿಗೂ ಜಾತ್ರೆಯ ಮಧ್ಯೆ ಹಣ್ಣು ಕಾಳುಗಳಿಂದ ಅಲಂಕರಿಸಿದ ಎತ್ತರದ ಕಂಬವೊಂದು ನಿಲ್ಲುತ್ತದೆ. ಈ ಕತೆ ಕೇಳಿದ ಮೇಲೆ ನನಗೆ ಅದು ನಮ್ಮ ಸುಗ್ಗಿಯ ನೆಂಟನಂತೆ ಕಂಡಿತು.

ಆಮೇಲೆ ಉಲ್ಮ್. ಡ್ಯಾನ್ಯೂಬ್ ನದಿಯ ದಡದ ಊರು, 1879ರಲ್ಲಿ ಐನ್‌ಸ್ಟೈನ್ ಹುಟ್ಟಿದ್ದು ಇಲ್ಲಿ. ಊರಿನ ಚರ್ಚಿನ ಗೋಪುರ 161 ಮೀಟರಿಗಿಂತಲೂ ಎತ್ತರ, 768 ಮೆಟ್ಟಿಲು. ನಾನು ನೋಡಿದಾಗ ಅದು ಜಗತ್ತಿನ ಅತಿ ಎತ್ತರದ ಚರ್ಚ್ ಆಗಿತ್ತು. 2025ರ ಅಕ್ಟೋಬರಿನಲ್ಲಿ ಬಾರ್ಸೆಲೋನಾದ ಸಗ್ರಾಡಾ ಫಮೀಲಿಯಾ ಅದನ್ನು ಮೀರಿಸಿತು. 1377ರಲ್ಲಿ ಅಡಿಪಾಯ ಹಾಕಿ 1890ರಲ್ಲಿ ಮುಗಿಸಿದ ಕಟ್ಟಡ. ಶುರು ಮಾಡಿದವರು ಮುಗಿಯುವುದನ್ನು ನೋಡುವುದಿಲ್ಲ ಎಂದು ತಿಳಿದೇ ಕಲ್ಲು ಇಟ್ಟಿದ್ದಾರೆ. ತಿಂಗಳಿಗೊಂದು ಗಡುವಿನ ನಮ್ಮ ಕೆಲಸದವರಿಗೆ ಅದರ ಕೆಳಗೆ ಐದು ನಿಮಿಷ ನಿಲ್ಲುವುದು ಒಳ್ಳೆಯದು.

ಕಾಲ್ವ್ ಎಂಬುದು ನಾಗೋಲ್ಡ್ ಎಂಬ ಚಿಕ್ಕ ನದಿಯ ಕಣಿವೆಯ ಊರು. ಲೋಕಲ್ ರೈಲಿನಲ್ಲಿ ಕೊನೆಯ ನಿಲ್ದಾಣ ವೈಲ್ ಡೆರ್ ಸ್ಟಾಟ್‌ಗೆ ಹೋಗಿ ಅಲ್ಲಿಂದ ಬಸ್ಸು ಹಿಡಿದೆ. ಖಗೋಳ ವಿಜ್ಞಾನಿ ಕೆಪ್ಲರ್ 1571ರಲ್ಲಿ ಹುಟ್ಟಿದ್ದು ಆ ಕೊನೆಯ ನಿಲ್ದಾಣದ ಊರಿನಲ್ಲಿ. ಕಾಲ್ವ್‌ನಲ್ಲಿ ಹುಟ್ಟಿದವರು ‘ಸಿದ್ಧಾರ್ಥ’ ಕಾದಂಬರಿ ಬರೆದ, 1946ರಲ್ಲಿ ನೊಬೆಲ್ ಪಡೆದ ಹರ್ಮನ್ ಹೆಸ್ಸೆ. ಊರಿನ ಹಳೆಯ ಕಲ್ಲಿನ ಸೇತುವೆಯ ಮೇಲೆ ಅವರ ವಿಗ್ರಹ ನಿಂತಿದೆ, ಪೀಠವಿಲ್ಲದೆ, ದಾರಿಹೋಕರಲ್ಲಿ ಒಬ್ಬರಂತೆ. ಅವರ ತಾಯಿ ಹುಟ್ಟಿದ್ದು 1842ರಲ್ಲಿ ಕೇರಳದ ತಲಶ್ಶೇರಿಯಲ್ಲಿ. ತಾತ ಹರ್ಮನ್ ಗುಂಡರ್ಟ್, ಬಾಸೆಲ್ ಮಿಶನ್ನಿನವರು, 1872ರಲ್ಲಿ ಮಲಯಾಳದ ದೊಡ್ಡ ನಿಘಂಟು ಹೊರತಂದವರು. ಇದನ್ನೆಲ್ಲ ನಾನು ಮೆಚ್ಚುಗೆಯಿಂದ ಓದಿಕೊಂಡೆ. ‘ಮಲಯಾಳಿಗಳು ಪುಣ್ಯವಂತರು’ ಎಂದುಕೊಂಡು ಬಸ್ಸು ಹತ್ತಿದೆ. ನನ್ನ ಅಜ್ಞಾನ ಎಷ್ಟಿತ್ತೆಂದು ಇದರಿಂದಲೇ ತಿಳಿಯುತ್ತದೆ.

“ಯಾವ ಕಿಟೆಲ್?”

ನವೆಂಬರ್ ತಿಂಗಳು. ಶುಕ್ರವಾರ ರಾತ್ರಿ ಅಪ್ಪನ ಜೊತೆ ಮಾತನಾಡುತ್ತಿದ್ದೆ.

“ಈ ಶನಿವಾರ ಎಲ್ಲಿಗೆ ಹೊಂಟೀಯಪಾ?”

“ಟ್ಯೂಬಿಂಗನ್ ಅಂತ ಒಂದು ಊರು, ಅಪ್ಪಾ.”

“ಟ್ಯೂಬಿಂಗನ್? ನಮ್ಮ ಕಿಟೆಲ್ ಸಾಹೇಬ್ರು ತೀರಿಕೊಂಡ ಊರಲ್ಲೇನು ಅದು?”

“ಯಾವ ಕಿಟೆಲ್?”

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ. ಆಮೇಲೆ ಮೆಲ್ಲಗೆ, “ನಿಮ್ಮಪ್ಪ ಓದಿದ ಕಾಲೇಜಿನ ಹೆಸರಾದರೂ ನಿನಗ ಗೊತ್ತೈತೋ ಇಲ್ಲೋ?” ಎಂದರು.

ಗೊತ್ತಿತ್ತು. ಧಾರವಾಡದ ಕಿಟೆಲ್ ಕಾಲೇಜು. ಚಿಕ್ಕಂದಿನಿಂದ ಸಾವಿರ ಸಲ ಕೇಳಿದ ಹೆಸರು. ಕಿಟೆಲ್ ಎಂದರೆ ಒಬ್ಬ ಮನುಷ್ಯ ಎಂದು ಮಾತ್ರ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಮರುದಿನ ಟ್ಯೂಬಿಂಗನ್‌ಗೆ ಹೋದೆ. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಸುತ್ತ ಬೆಳೆದ ಊರು ಅದು. ಕಲ್ಲುಹಾಸಿನ ಬೀದಿ, ಮರದ ತೊಲೆಗಳು ಗೋಡೆಯ ಹೊರಗೇ ಕಾಣುವ ಮನೆಗಳು, ನೆಕಾರ್ ನದಿಯ ನಡುವೆ ಸಾಲು ಮರಗಳ ಒಂದು ನಡುಗಡ್ಡೆ. ನದಿಯ ದಡದ ಹಳದಿ ಗೋಪುರದಲ್ಲಿ ಕವಿ ಹ್ಯೋಲ್ಡರ್‌ಲಿನ್ ತನ್ನ ಬದುಕಿನ ಕೊನೆಯ 36 ವರ್ಷ ಕಳೆದ. ಬೆಟ್ಟದ ಮೇಲಿನ ಕೋಟೆಯ ಅಡಿಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡಿದ್ದ ಕಾಲದಲ್ಲಿ, 1869ರಲ್ಲಿ, ಮೀಶರ್ ಎಂಬ ಯುವಕ ಜೀವಕೋಶದೊಳಗಿನ ಒಂದು ಹೊಸ ವಸ್ತುವನ್ನು ಕಂಡುಹಿಡಿದ. ಮುಂದೆ ಲೋಕವೆಲ್ಲ ಡಿಎನ್‌ಎ ಎಂದು ಕರೆದದ್ದು ಅದನ್ನೇ.

ನದಿಯ ದಡದ ಬೆಂಚಿನ ಮೇಲೆ ಕುಳಿತು ಫೋನಿನಲ್ಲಿ ಕಿಟೆಲ್ ಬಗ್ಗೆ ಓದಿದೆ. ಫರ್ಡಿನೆಂಡ್ ಕಿಟೆಲ್ 1832ರಲ್ಲಿ ಉತ್ತರ ಜರ್ಮನಿಯ ಸಮುದ್ರತೀರದ ಸೀಮೆಯಲ್ಲಿ ಹುಟ್ಟಿದವರು. ಬಾಸೆಲ್ ಮಿಶನ್ನಿನವರಾಗಿ 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ನಮ್ಮ ಸೀಮೆಗೆ ಬಂದರು. ಬಂದದ್ದು ತಮ್ಮ ಧರ್ಮದ ಪ್ರಚಾರಕ್ಕೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಹುಬ್ಬಳ್ಳಿ, ಧಾರವಾಡ, ಮಂಗಳೂರು, ಮಡಿಕೇರಿ ಎಂದು ತಿರುಗುತ್ತ ಅವರು ಕನ್ನಡಕ್ಕೇ ಅಂಟಿಕೊಂಡರು. ಕೇಶಿರಾಜನ ‘ಶಬ್ದಮಣಿದರ್ಪಣ’, ನಾಗವರ್ಮನ ‘ಛಂದೋಂಬುಧಿ’ಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದರು. 1894ರಲ್ಲಿ ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರ ಡಿಸೆಂಬರಿನಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಕನ್ನಡ ವ್ಯಾಕರಣವೂ ಪ್ರಕಟವಾಗಿತ್ತು.

ಆ ನಿಘಂಟಿನ ಹಳೆಯ ಪ್ರತಿಯ ಚಿತ್ರಗಳು ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ. ತೆರೆದೆ. ಸಾಲು ಸಾಲು ಕನ್ನಡ ಪದಗಳು, ಪಕ್ಕದಲ್ಲಿ ರೋಮನ್ ಅಕ್ಷರದಲ್ಲಿ ಉಚ್ಚಾರ, ಮುಂದೆ ಇಂಗ್ಲಿಷ್ ಅರ್ಥ. ಅರ್ಥಗಳು ನನಗೆ ಓದಲು ಬಂದವು. ಪದಗಳು ಬರಲಿಲ್ಲ. ‘ಅವ್ವ’ ಎಂಬುದು ಎಲ್ಲಿದೆಯೆಂದು ಹುಡುಕಿದೆ. ರೋಮನ್ ಅಕ್ಷರ ಇಲ್ಲದಿದ್ದರೆ ಅದು ನನಗೆ ಸಿಗುತ್ತಲೇ ಇರಲಿಲ್ಲ. ನೂರಾ ಮೂವತ್ತು ವರ್ಷದ ಹಿಂದೆ ಒಬ್ಬ ಜರ್ಮನ್ ಮನುಷ್ಯ ಬೇರೆ ಜರ್ಮನರಿಗೂ ಇಂಗ್ಲಿಷರಿಗೂ ಅನುಕೂಲವಾಗಲೆಂದು ಇಟ್ಟ ಊರುಗೋಲು ಅದು. ಅದನ್ನು ಹಿಡಿದು ನಾನು ನನ್ನ ತಾಯಿಯನ್ನು ಕರೆಯುವ ಪದವನ್ನು ಓದುತ್ತಿದ್ದೆ. ಚಳಿ ಬಹಳವಿತ್ತು. ಎದ್ದು ನಿಲ್ದಾಣಕ್ಕೆ ನಡೆದೆ. ದಾರಿಯಲ್ಲಿ ಫ್ರಿಜ್ಜಿನ ಮೇಲಿನ ಕಾಗದ ನೆನಪಾಯಿತು.

ನಿಲ್ದಾಣಗಳ ಪಾಠ

ಅವತ್ತು ರಾತ್ರಿ ಅಪ್ಪನಿಗೆ, ನನಗೆ ಅಕ್ಷರ ಕಲಿಸು ಎಂದೆ. ಅಪ್ಪ ಹೆಚ್ಚೇನೂ ಹೇಳಲಿಲ್ಲ. ಮರುದಿನದಿಂದ, ಅಲ್ಲಿ ಸಂಜೆ ಆರು, ಇಲ್ಲಿ ರಾತ್ರಿ ಹತ್ತೂವರೆಗೆ, ದಪ್ಪ ಪೆನ್ನಿನಲ್ಲಿ ಕಾಗದದ ಮೇಲೆ ಅಕ್ಷರ ಬರೆದು ಕ್ಯಾಮರಾಕ್ಕೆ ಹಿಡಿಯತೊಡಗಿದರು. ದಿನಕ್ಕೆ ಇಪ್ಪತ್ತು ನಿಮಿಷ. ಮೂರು ವಾರಕ್ಕೆ ವರ್ಣಮಾಲೆ, ಕಾಗುಣಿತ ಮುಗಿಯಿತು. ಒತ್ತಕ್ಷರ ಇನ್ನೊಂದು ತಿಂಗಳು ಹಿಡಿಯಿತು.

ಅಭ್ಯಾಸಕ್ಕೆ ಬೇರೆ ಪುಸ್ತಕ ಇರಲಿಲ್ಲ. ಲೋಕಲ್ ರೈಲಿನಲ್ಲಿ ಕುಳಿತು ನಿಲ್ದಾಣಗಳ ಹೆಸರನ್ನೇ ಕನ್ನಡದಲ್ಲಿ ಬರೆಯುತ್ತಿದ್ದೆ: ಬಾಡ್ ಕಾನ್‌ಸ್ಟಾಟ್, ನೆಕಾರ್‌ಪಾರ್ಕ್, ಉಂಟರ್‌ಟ್ಯುರ್ಕೈಮ್, ಒಬರ್‌ಟ್ಯುರ್ಕೈಮ್, ಮೆಟ್ಟಿಂಗನ್, ಎಸ್ಲಿಂಗನ್. ಒಂದು ಲಾಭ ನಿರೀಕ್ಷಿಸದೆಯೇ ಬಂತು. ಬರೆಯಬೇಕಾದರೆ ಸರಿಯಾಗಿ ಕೇಳಬೇಕು. ಕೇಳತೊಡಗಿದ ಮೇಲೆ ಜರ್ಮನ್ ಭಾಷೆಯ ಕಿವಿಯೂ ತೆರೆಯಿತು. ಬೆಟ್ಟದ ಕಾಲುದಾರಿಗಳಲ್ಲಿ ಎದುರಿಗೆ ಬಂದವರು ಪರಿಚಯವಿಲ್ಲದಿದ್ದರೂ “ಗ್ರ್ಯೂಸ್ ಗಾಟ್” ಎನ್ನುತ್ತಾರೆ. ದೇವರ ಹೆಸರು ಹಿಡಿದು ಹೇಳುವ ನಮಸ್ಕಾರ ಅದು. ಅವರು ಅನ್ನುವ ಮೊದಲೇ ನಾನು ಅನ್ನತೊಡಗಿದೆ.

ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ನಮ್ಮವರಲ್ಲಿ ಅನೇಕರಿಗೆ ಮನಸ್ಸು ಕುಗ್ಗುವುದು ಆಗಲೇ. ಆಗ ಹೊರಗೆ ಹೋಗುವುದೇ ಔಷಧಿ. ಎಸ್ಲಿಂಗನ್‌ನಲ್ಲಿ ಕ್ರಿಸ್‌ಮಸ್ ಸಂತೆ ನಡೆಯುತ್ತದೆ. ವ್ಯಾಪಾರಿಗಳು ಮಧ್ಯಯುಗದ ವೇಷ ಹಾಕಿಕೊಂಡು ಮೇಣದ ಬೆಳಕಿನಲ್ಲಿ ಕಂಬಳಿ, ಮರದ ಆಟಿಕೆ, ಬಿಸಿ ಹಣ್ಣಿನ ಪಾನಕ ಮಾರುತ್ತಾರೆ. ಆ ಸಂತೆಗೆ ನಾನು ಮೂರು ಸಲ ಹೋದೆ. ಎರಡನೆಯ ಸಲ ಹೋಗುವ ಮುನ್ನ ಅಪ್ಪ ಹೇಳಿದ್ದರು: 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್, 1881ರಲ್ಲಿ ತೀರಿಕೊಂಡದ್ದು ಇದೇ ಎಸ್ಲಿಂಗನ್‌ನಲ್ಲಿ. ಆ ಪತ್ರಿಕೆ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ನೀವೀಗ ಕೈಯಲ್ಲಿ ಹಿಡಿದಿರುವಂಥ ಕನ್ನಡ ಪತ್ರಿಕೆಗಳ ವಂಶಾವಳಿ ತೆಗೆದರೆ ಅದರ ಮೇಲಿನ ತುದಿಯಲ್ಲಿ ಆ ಮನುಷ್ಯನ ಹೆಸರಿದೆ. ನಾನು ಬಿಸಿ ಪಾನಕ ಹಿಡಿದು ಆ ಬೀದಿಗಳಲ್ಲಿ ಸುಮ್ಮನೆ ನಡೆದೆ. ಮೊದಲ ಸಲ ಬಂದಾಗ ಇದ್ದ ಊರೇ ಅದು, ಆದರೆ ಈ ಸಲ ನನಗೆ ಅಲ್ಲಿ ಯಾರೋ ಪರಿಚಯದವರು ಇದ್ದ ಹಾಗಿತ್ತು.

ಹೊರಡುವವರಿಗೆ ನಾಲ್ಕು ಮಾತು

ಈಗ ಸ್ವಲ್ಪ ವ್ಯಾವಹಾರಿಕ ವಿಷಯ. ಜರ್ಮನಿಯಲ್ಲಿ ಮನೆ ಹಿಡಿದ ಎರಡು ವಾರದೊಳಗೆ ನಗರ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಮಾಲೀಕರ ಸಹಿಯ ಕಾಗದ ಬೇಕು. ಹಲವು ಕೆಲಸಗಳಿಗೆ ಆ ಚೀಟಿ ಕೇಳುತ್ತಾರೆ, ಜೋಪಾನವಾಗಿಡಿ. ಅಲ್ಲಿನ ವಾಸದ ಪರವಾನಗಿ ಇದ್ದವರು ಷೆಂಗೆನ್ ಒಪ್ಪಂದದ ಬೇರೆ ದೇಶಗಳಿಗೆ 180 ದಿನಗಳಲ್ಲಿ 90 ದಿನದವರೆಗೆ ಹೋಗಿಬರಬಹುದು. ಪಾಸ್‌ಪೋರ್ಟು, ಪರವಾನಗಿ ಎರಡೂ ಜೊತೆಗಿರಲಿ.

ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಹಿಡಿದಿರುತ್ತಾರೆ. ಎಸೆಯಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ ಹಣ ಮರಳುತ್ತದೆ. ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ಆ ಸೀಮೆಯ ‘ಕೇಸ್-ಶ್ಪೆಟ್ಸ್‌ಲೆ’ ಎಂದರೆ ಹಿಟ್ಟಿನ ಸಣ್ಣ ತುಣುಕುಗಳನ್ನು ಬೇಯಿಸಿ ಚೀಸು ಬೆರೆಸಿ ಮೇಲೆ ಹುರಿದ ಈರುಳ್ಳಿ ಉದುರಿಸಿದ ತಿಂಡಿ. ಆದರೆ ಅದರ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರು ಕೇಳಿಕೊಳ್ಳಿ. ಬೇಳೆಯ ಜೊತೆಗೂ ಅದನ್ನು ಬಡಿಸುತ್ತಾರೆ. ಅದರ ಮೇಲೆ ಮಾಂಸದ ತುಂಡು ಇಡಬೇಡಿ ಎಂದು ಮೊದಲೇ ಹೇಳಬೇಕು.

ಸುತ್ತಾಟದ ವಿಷಯದಲ್ಲಿ ನನ್ನ ಸಲಹೆ ಇಷ್ಟೇ. ದೂರದ ದೊಡ್ಡ ಊರುಗಳಿಗೆ ಎರಡು ಮೂರು ರಜೆ ಮೀಸಲಿಡಿ, ಪ್ಯಾರಿಸ್ಸನ್ನೂ ನೋಡಿ, ಆದರೆ ಒಂದು ಸಲಕ್ಕೆ ಒಂದೇ ಊರು. ಉಳಿದ ಶನಿವಾರಗಳನ್ನು ನೀವಿರುವ ಸೀಮೆಗೆ ಕೊಡಿ. ಸ್ಥಳೀಯರೊಬ್ಬರಿಂದ ಊರುಗಳ ಪಟ್ಟಿ ಬರೆಸಿಕೊಳ್ಳಿ. ಇಷ್ಟವಾದ ಊರಿಗೆ ಇನ್ನೊಮ್ಮೆ ಹೋಗಿ. ಕೆಲಸದ ಮೇಲೆ ನೀವು ಹೋಗುವುದು ಜರ್ಮನಿಯೇ ಆಗಬೇಕಿಲ್ಲ, ಜಪಾನೋ ಬ್ರೆಜಿಲ್ಲೋ ಆದರೂ ಈ ಮಾತು ಹೊಂದುತ್ತದೆ. ಹೊರಡುವ ಮುನ್ನ ಒಂದು ಕೆಲಸ ಮಾಡಿ: ನಿಮ್ಮ ಭಾಷೆ ಯಾವುದು, ಅದನ್ನು ಹೇಗೆ ಬರೆಯುತ್ತಾರೆ ಎಂದು ಯಾರಾದರೂ ಕೇಳುವರು, ಖಂಡಿತ ಕೇಳುವರು, ಅದಕ್ಕೆ ಒಂದು ಪ್ರಾಮಾಣಿಕ ಉತ್ತರ ಸಿದ್ಧವಾಗಿರಲಿ.

ಕೊನೆಯ ಶನಿವಾರ

ಫೆಬ್ರವರಿ 24, ಇಪ್ಪತ್ತಾರನೆಯ ಶನಿವಾರ. ಹಲಗೆ ನನ್ನ ಬಾಗಿಲಲ್ಲಿತ್ತು. ಮೂರು ಮಹಡಿ ಗುಡಿಸಿ ಒರೆಸಿದೆ, ಮೂಲೆಗಳನ್ನು ಯಾರೂ ತೋರಿಸಬೇಕಾಗಲಿಲ್ಲ. ಆಮೇಲೆ ಅಜ್ಜಿಯ ಬಾಗಿಲು ತಟ್ಟಿ ಹಲಗೆ ಒಪ್ಪಿಸಿ, ಒಂದು ಕಾಗದ ಕೊಟ್ಟೆ. ಅದರಲ್ಲಿ ಅವರ ಹೆಸರು ಕನ್ನಡದಲ್ಲಿತ್ತು. ಮೊದಲು ಬರೆದುಕೊಟ್ಟದ್ದು ಕನ್ನಡವಲ್ಲ, ಆಗ ನನಗೆ ಬರೆಯಲು ಬರುತ್ತಿರಲಿಲ್ಲ, ಹೇಳಲು ನಾಚಿಕೆಯಾಗಿ ಸುಳ್ಳು ಹೇಳಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಅಜ್ಜಿ ಎರಡು ಕಾಗದಗಳನ್ನೂ ಪಕ್ಕಪಕ್ಕದಲ್ಲಿ ಹಿಡಿದು ನೋಡಿದರು. “ಹಾಗಾದರೆ ಇದು ಯಾವುದು?” ಎಂದು ಹಳೆಯದನ್ನು ತೋರಿಸಿದರು.

“ಅದು ಮರಾಠಿಯ ಲಿಪಿ. ನಾನು ಹುಟ್ಟಿ ಬೆಳೆದ ಊರಿನ ಭಾಷೆ.”

“ಅಂದರೆ ಅದೂ ನಿನ್ನದೇ,” ಎಂದರು. “ಎರಡೂ ಇರಲಿ.”

ಫ್ರಿಜ್ಜಿನ ಮೇಲೆ ಎರಡನ್ನೂ ಅಂಟಿಸಿದರು. ಆಮೇಲೆ, ಸುಳ್ಳು ಹೇಳಿದ್ದಕ್ಕೆ ದಂಡವೆಂದು, ನೆಲಮಾಳಿಗೆಯ ಮೆಟ್ಟಿಲನ್ನೂ ಗುಡಿಸಿ ಹೋಗು ಎಂದರು. ಗುಡಿಸಿದೆ.

ಈ ಲೇಖನವನ್ನು ನಾನು ಕೈಯಲ್ಲೇ ಬರೆದೆ, ಹನ್ನೊಂದು ದಿನ ಹಿಡಿಯಿತು. ಅಪ್ಪ ಕೆಂಪು ಪೆನ್ನು ಹಿಡಿದು ತಿದ್ದಿಕೊಟ್ಟಿದ್ದಾರೆ. ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪು ಇನ್ನೂ ಎಲ್ಲಾದರೂ ಉಳಿದಿದ್ದರೆ ಅದು ಅವರ ಕಣ್ಣು ತಪ್ಪಿಸಿದ್ದು. ಬೇರೆ ತಪ್ಪುಗಳೆಲ್ಲ ನನ್ನವು. ಸಂಘದಲ್ಲಿ ಸಿಕ್ಕಾಗ ಹೇಳಿ.